ಕ್ಷಮಿಸಿದ ಮೇಲೆ ಶಿಕ್ಷೆ ಏಕೆ?

ನಾನು ಕ್ರೈಸ್ತನೆಂದು ತಿಳಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದಿದೆ: "ನಿಮ್ಮಲ್ಲಿ ಎಲ್ಲವನ್ನೂ ಕ್ಷಮಿಸಬೇಕಂತೆ, ಹಾಗಾದರೆ ತಪ್ಪು ಮಾಡಿದವನಿಗೆ ಶಿಕ್ಷೆಯೇ ಬೇಡವೆ?" ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ಕುಹಕದಿಂದ. ಕ್ಷಮಿಸುವವನು ಸೇಡು ತೀರಿಸಿಕೊಳ್ಳುವ ತನ್ನ ಹಕ್ಕನ್ನು ಬಿಟ್ಟುಕೊಡುತ್ತಾನೆ; ನಡೆದ ಸತ್ಯವನ್ನು ಅಳಿಸುವ ಅಧಿಕಾರ ಅವನಿಗಿಲ್ಲ ಎಂಬುದೇ ಇಬ್ಬರಿಗೂ ನನ್ನ ಉತ್ತರ.

ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ, ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಶಿಷ್ಯನಾದ ಪೇತ್ರನು ಕೇಳಿದಾಗ ಯೇಸು ಏಳೆಪ್ಪತ್ತು ಸಾರಿ ಎನ್ನುತ್ತಾನೆ. ಇದು ನಮ್ಮವರಿಗೆಲ್ಲ ಬಾಯಿಪಾಠ. ಆದರೆ ಅದಕ್ಕೆ ಮೊದಲು, 15ನೆಯ ವಚನದಿಂದ ಹೇಳಿರುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ: ತಪ್ಪು ಮಾಡಿದವನ ಬಳಿಗೆ ಒಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ವಿಶ್ವಾಸಿಗಳ ಸಮುದಾಯಕ್ಕೆ, ತಿಳಿಸು. ತಪ್ಪನ್ನು ತಪ್ಪೆಂದು ಮುಖಕ್ಕೆ ಹೇಳಿದ ಮೇಲೆಯೇ ಕ್ಷಮೆಯ ಮಾತು ಬರುತ್ತದೆ. ಅಲ್ಲಿಯೇ ಯೇಸು ಹೇಳುವ ಸಾಮ್ಯಕಥೆಯಲ್ಲಿ ಅರಸನು ಆಳೊಬ್ಬನಿಗೆ ಹತ್ತು ಸಾವಿರ ತಲಾಂತುಗಳ ಸಾಲವನ್ನು, ಅಂದರೆ ಸುಮಾರು ಆರು ಕೋಟಿ ದಿನಗಳ ಕೂಲಿಯನ್ನು, ಮನ್ನಾ ಮಾಡುತ್ತಾನೆ. ಆ ಆಳು ನೂರು ದಿನಗಳ ಕೂಲಿಯಷ್ಟು ಸಾಲಕ್ಕೆ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ದುಡಿದು ತಿನ್ನುವವನಿಗೆ ಮೂರು ತಿಂಗಳಿಗೂ ಮೀರಿದ ಗಳಿಕೆ ಸಣ್ಣದಲ್ಲ. ನಮಗಾದ ನೋವು ಏನೂ ಅಲ್ಲವೆಂದು ಯೇಸು ಹೇಳುತ್ತಿಲ್ಲ. ನಮಗೆ ಸಿಕ್ಕಿರುವ ಮನ್ನಾದ ಪಕ್ಕದಲ್ಲಿಟ್ಟು ಅದನ್ನು ನೋಡು ಎನ್ನುತ್ತಿದ್ದಾನೆ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯನ್ನೂ ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಬಹಿರಂಗವಾಗಿ ಹೇಳಿದರು, ಮಗಳೊಂದಿಗೆ ಬಾರಿಪದಾದಲ್ಲೇ ಉಳಿದು ಹಲವು ವರ್ಷ ಅದೇ ರೋಗಿಗಳ ಸೇವೆ ಮುಂದುವರಿಸಿದರು. ಇತ್ತ ಮೊಕದ್ದಮೆ ತನ್ನ ಪಾಡಿಗೆ ನಡೆಯಿತು: ಮುಖ್ಯ ಅಪರಾಧಿಗೆ 2003ರಲ್ಲಿ ಮರಣದಂಡನೆಯಾಯಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅವರ ಕ್ಷಮೆ ನ್ಯಾಯಾಲಯದ ಕೈ ಕಟ್ಟಲಿಲ್ಲ, ನ್ಯಾಯಾಲಯದ ತೀರ್ಪು ಅವರ ಕ್ಷಮೆಯನ್ನು ಸುಳ್ಳಾಗಿಸಲೂ ಇಲ್ಲ.

ದಿನಬಳಕೆಯ ಕ್ಷಮೆ ಇಷ್ಟು ಎತ್ತರದ್ದಲ್ಲ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂದು ಪ್ರಾರ್ಥಿಸುವಾಗ ಒಂದು ಮುಖ ಕಣ್ಣಮುಂದೆ ಬಂದು ನಾಲಿಗೆ ತಡವರಿಸುತ್ತದೆ. ನಿನ್ನೆ ಕ್ಷಮಿಸಿದವನನ್ನೇ ಇಂದು ಮತ್ತೆ ಕ್ಷಮಿಸಬೇಕಾಗುತ್ತದೆ. ಏಳೆಪ್ಪತ್ತು ಸಾರಿ ಎಂಬುದು ಒಂದೇ ತಪ್ಪಿಗೂ ಬೇಕಾಗಬಹುದೆಂದು ನನಗನ್ನಿಸುವುದುಂಟು.

ಗಂಡನ ಹೊಡೆತ ತಾಳದೆ ಬಂದ ಹೆಣ್ಣುಮಗಳಿಗೆ "ಕ್ಷಮಿಸಿಬಿಡಮ್ಮಾ, ಮನೆಗೆ ಹೋಗು" ಎನ್ನುವ ಸಭೆಯ ಹಿರಿಯರನ್ನು ಮಾತ್ರ ನಾನು ಒಪ್ಪಲಾರೆ. ಬೈಬಲಿನಲ್ಲಿ ಬರುವ ತೆರಿಗೆ ವಸೂಲಿಗಾರ ಜಕ್ಕಾಯನು ಜನರಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ ಮೇಲೆಯೇ ಆ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರಿದ್ದು. ಹೊಡೆದವನು ನಿಜವಾಗಿ ಪಶ್ಚಾತ್ತಾಪಪಟ್ಟು ಬದಲಾಗಿದ್ದಾನೆಯೇ ಎಂದು ವಿಚಾರಿಸುವ ಹೊಣೆ ಆ ಹಿರಿಯರದು. ಅಲ್ಲಿಯವರೆಗೆ ಅವಳು ತವರಿನಲ್ಲಿರುವುದಾಗಲಿ, ಪೊಲೀಸರಿಗೆ ದೂರು ಕೊಡುವುದಾಗಲಿ ಕ್ಷಮೆಗೆ ವಿರುದ್ಧವಲ್ಲ.