ರಾಲಿ ಅಂದಾಗ ಎಲ್ಲರೂ ಕೂಗಿದರು

2024 ಅಕ್ಟೋಬರ್ 19, ಶನಿವಾರ
ಕ್ಯಾರಿ, ನಾರ್ತ್ ಕ್ಯಾರೊಲಿನಾ
ರಾತ್ರಿ 11.20

ಕಿವಿಯಲ್ಲಿ ಇನ್ನೂ ಬ್ಯಾಂಜೋ ಬಾರಿಸುತ್ತಲೇ ಇದೆ. ನಿದ್ದೆ ಬರುವ ಹಾಗೆ ಕಾಣುವುದಿಲ್ಲ. ಬರೆದುಬಿಡುತ್ತೇನೆ.

ಸಂಜೆ ನಮ್ಮ ಬೀದಿಯ ಕೊನೆಯಲ್ಲಿ, ಕಾರು ತಿರುಗಿಸುವ ಗುಂಡನೆಯ ಜಾಗದಲ್ಲಿ, ಎಲ್ಲರೂ ಸೇರಿದ್ದೆವು. ಹೆಲೀನ್ ಚಂಡಮಾರುತ ಬಂದು ಮೂರು ವಾರ ಆಯಿತು. ನಮ್ಮ ಮನೆಗಳಿಗೆ ಏನೂ ಆಗಲಿಲ್ಲ. ಆದರೆ ಇದೇ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿ ನೂರರ ಹತ್ತಿರ ಜನ ಸತ್ತಿದ್ದಾರೆ. ಆಶ್‌ವಿಲ್ ಊರಿನ ನಲ್ಲಿಗಳಲ್ಲಿ ಇವತ್ತಿಗೂ ಕುಡಿಯುವ ನೀರು ಬರುತ್ತಿಲ್ಲ. ಹಾಗಾಗಿ ಬೀದಿಯವರೆಲ್ಲ ನೀರಿನ ಬಾಟಲಿ, ಕಂಬಳಿ, ಮಕ್ಕಳ ಡೈಪರ್ ಒಟ್ಟು ಮಾಡುತ್ತಿದ್ದೇವೆ. ಸೋಮವಾರ ಒಂದು ಪಿಕಪ್ ಗಾಡಿ ಹೊರಡುತ್ತದೆ. ಜನ ಬರಲಿ ಅಂತ ಮೂವರು ಹುಡುಗರು ದುಡ್ಡು ತೆಗೆದುಕೊಳ್ಳದೆ ಹಾಡಲು ಬಂದಿದ್ದರು. ಒಬ್ಬನ ಕೈಯಲ್ಲಿ ಬ್ಯಾಂಜೋ, ಒಬ್ಬನದು ಫಿಡ್ಲ್, ಮೂರನೆಯವನದು ಆಳೆತ್ತರದ ಬೇಸ್.

ಅಮ್ಮನೂ ಬಂದಿದ್ದಳು. ದೀಪಾವಳಿಗೆ ಅಂತ ಸಾಗರದಿಂದ ಬಂದು ಹತ್ತು ದಿನ ಆಗಿದೆಯಷ್ಟೆ. ಶಾಲು ಹೊದ್ದು, ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲೇ ಒಂದು ಡಾಗ್‌ವುಡ್ ಮರ. ಎಲೆ ಎಲ್ಲ ಕೆಂಪಾಗಿ, ಕೆಂಪು ಕಾಯಿ ಗೊಂಚಲು ಬಿಟ್ಟಿತ್ತು. ಇದರ ಹೂವು ಏಪ್ರಿಲ್‌ನಲ್ಲಿ ಬರುತ್ತದೆ, ಈ ರಾಜ್ಯದ ಹೂವೇ ಇದು ಅಂತ ಹೇಳಿದೆ. "ಮುಂದಿನ ಸಲ ಏಪ್ರಿಲ್‌ಗೇ ಕರೆಸ್ಕೋ" ಅಂದಳು.

ಕೊನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಹಾಡೇ ಬಂತು. 'ವ್ಯಾಗನ್ ವೀಲ್'. ಫಿಡ್ಲ್ ಮೊದಲ ಎಳೆತ ಎಳೆದದ್ದೇ ತಡ, ಅಷ್ಟು ಹೊತ್ತು ಫೋನ್ ನೋಡುತ್ತಿದ್ದ ಹೈಸ್ಕೂಲ್ ಹುಡುಗಿಯರು ಕಿರುಚಿಕೊಂಡು ಮುಂದೆ ಓಡಿದರು. ಗಂಭೀರವಾಗಿ ತೆರಿಗೆ ಬಗ್ಗೆ ಮಾತಾಡುತ್ತಿದ್ದ ಇಬ್ಬರು ಗಂಡಸರು ಹೆಗಲ ಮೇಲೆ ಕೈ ಹಾಕಿಕೊಂಡು ತೂಗತೊಡಗಿದರು. ಎಲ್ಲರೂ ಚಪ್ಪಾಳೆ ಹಾಕಿದರು. ಇಲ್ಲಿಯವರು ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಚಪ್ಪಾಳೆ ಹಾಕುತ್ತಾರೆ. ಅಮ್ಮ ಭಜನೆಯ ಅಭ್ಯಾಸದ ಮೇಲೆ ಒಂದಕ್ಕೆ, ಮೂರಕ್ಕೆ ಹಾಕಿದಳು. ಎರಡು ಸೇರಿ ಎಲ್ಲೂ ಖಾಲಿ ಉಳಿಯಲಿಲ್ಲ. ನನಗೆ ಅದು ಎಷ್ಟು ಇಷ್ಟವಾಯಿತು ಅಂದರೆ, ನಾನೂ ಸ್ವಲ್ಪ ಹೊತ್ತು ಅವಳ ಕಡೆ ಸೇರಿಕೊಂಡೆ.

"ಯಾವ ಮಾಮನ್ನ ಕರೀತಿದಾನೆ?" ಅಂತ ಕೇಳಿದಳು. ಪಲ್ಲವಿಯಲ್ಲಿ ಮತ್ತೆ ಮತ್ತೆ 'ಮಾಮಾ' ಅಂತ ಬರುತ್ತದಲ್ಲ. ಮಾಮ ಅಲ್ಲಮ್ಮ, ಅವನ ಹುಡುಗಿ ಅಂದೆ. ಉತ್ತರದ ಚಳಿಯಲ್ಲಿ ಬೇಸತ್ತ ಒಬ್ಬ ಹುಡುಗ, ದಾರಿಯಲ್ಲಿ ಹೋಗುವ ಗಾಡಿಗಳಿಗೆ ಕೈ ತೋರಿಸಿ, ಹತ್ತಿಕೊಂಡು, ದಕ್ಷಿಣಕ್ಕೆ ತನ್ನ ಹುಡುಗಿಯ ಹತ್ತಿರ ಬರುತ್ತಿದ್ದಾನೆ. ದಾರಿಯಲ್ಲಿ ಡಾಗ್‌ವುಡ್ ಹೂ ಕಿತ್ತುಕೊಂಡು ಬರುತ್ತಾನೆ. ಅವಳು ಇರುವುದು ಈ ರಾಜ್ಯದ ರಾಜಧಾನಿ ರಾಲಿಯಲ್ಲಿ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷ.

"ಊರಿಗೆ ಬರೋ ಹಾಡು ಅನ್ನು."

ಹೌದು, ಅದೇ.

ಈ ಹಾಡು ಹುಟ್ಟಿದ ರೀತಿ ನನಗೆ ತುಂಬ ಪ್ರೀತಿ. 1973ರ ಫೆಬ್ರವರಿಯಲ್ಲಿ ಹಾಡುಗಾರ ಬಾಬ್ ಡಿಲನ್ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್‌ನಲ್ಲಿ ಒಂದು ಸಿನಿಮಾಗೆ ಸಂಗೀತ ಮಾಡುತ್ತಿದ್ದರು. ಆಗ ಒಂದು ಪಲ್ಲವಿ ಹಾಡಿದರು. ಮಿಕ್ಕಿದ್ದೆಲ್ಲ ಗೊಣಗಾಟ, ಮಾತೇ ಇಲ್ಲ. ಅದನ್ನು ಹಾಗೇ ಬಿಟ್ಟುಬಿಟ್ಟರು. ಹೇಗೋ ಅದು ಕಳ್ಳ ಮುದ್ರಿಕೆಯಾಗಿ ಕೈಯಿಂದ ಕೈಗೆ ಹೋಯಿತು. ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನ ಹುಡುಗ ಕ್ರಿಟರ್ ಫ್ಯೂಕ್ವೇ ಮನೆಯವರ ಜೊತೆ ಲಂಡನ್‌ಗೆ ಹೋದಾಗ ಅದನ್ನು ಕೊಂಡುತಂದ. ತನ್ನ ಶಾಲೆಯ ಗೆಳೆಯ ಕೆಚ್ ಸೆಕೋರ್‌ಗೆ ಕೇಳಿಸಿದ. ಕೆಚ್‌ಗೆ ಆಗ ಹದಿನೇಳು ವರ್ಷ. ದೂರದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಾಸ್ಟೆಲ್ ಶಾಲೆ. ಮನೆ ನೆನಪು ಕಾಡುತ್ತಿತ್ತು. ಆ ಗೊಣಗಾಟ ಇದ್ದ ಜಾಗಕ್ಕೆ ಅವನು ತನ್ನ ನುಡಿಗಳನ್ನು ಬರೆದು ತುಂಬಿದ. ವರ್ಷಗಟ್ಟಲೆ ಊರೂರಲ್ಲಿ ಹಾಡಿದ. ಆಮೇಲೆ ಹಕ್ಕು ಕೇಳಿದಾಗ ಡಿಲನ್ ಒಪ್ಪಿದರು. ಅರ್ಧ ಅರ್ಧ. 2004ರಲ್ಲಿ 'ಓಲ್ಡ್ ಕ್ರೋ ಮೆಡಿಸಿನ್ ಶೋ' ತಂಡದ ಆಲ್ಬಂನಲ್ಲಿ ಅದು ಬಂತು.

ಒಬ್ಬ ಹುಡುಗ ಒಂದು ಹಾಡು ಕೇಳಿದ. ಚೆನ್ನಾಗಿದೆ ಅಂತ ಹೇಳಿ ಸುಮ್ಮನಾಗಲಿಲ್ಲ. ಉಳಿದದ್ದನ್ನು ತಾನೇ ಹಾಡಿಬಿಟ್ಟ. ಕೇಳುವುದು ಅಂದರೆ ಇಷ್ಟು ದೂರ ಹೋಗಬಹುದು ಅಂತ ಯೋಚಿಸಿದಾಗೆಲ್ಲ ಮೈ ಜುಂ ಅನ್ನುತ್ತದೆ. ನಮ್ಮ ಅಜ್ಜಿ ಬೀಸುವ ಪದ ಹಾಡುವಾಗಲೂ ಹೀಗೇ ಮಾಡುತ್ತಿದ್ದಳು. ಪಲ್ಲವಿ ಹಳೆಯದು, ನಡುವೆ ಬರುವ ತವರಿನ ಹೆಸರು, ಅಣ್ಣನ ಹೆಸರು ಅವಳದು.

ಇನ್ನೂ ಹಿಂದಕ್ಕೆ ಹೋಗಬೇಕು. ಆ ಪಲ್ಲವಿಯ ಮಾತು ತನ್ನದಲ್ಲ, ಆರ್ಥರ್ 'ಬಿಗ್ ಬಾಯ್' ಕ್ರೂಡಪ್ ಅವರದು ಅಂತ ಡಿಲನ್ ಹೇಳಿದರು. ಕ್ರೂಡಪ್ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಕಪ್ಪು ಜನಾಂಗದ ಗಾಯಕ; ಆ ಜನರದೇ ಆದ ಬ್ಲೂಸ್ ಶೈಲಿಯಲ್ಲಿ ಹಾಡುತ್ತಿದ್ದರು. 1944ರಲ್ಲಿ ಇಂಥದ್ದೇ ಪಲ್ಲವಿಯ ಹಾಡು ಮುದ್ರಿಸಿದ್ದರು. ಅವರೋ, ನನಗೆ ಅದು ಬಂದದ್ದು ಇನ್ನೊಬ್ಬ ಬ್ಲೂಸ್ ಗಾಯಕ ಬಿಗ್ ಬಿಲ್ ಬ್ರೂನ್ಜಿಯಿಂದ ಅಂದಿದ್ದರಂತೆ. 1954ರಲ್ಲಿ ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡ್ ಬಂದಾಗ ಅದರಲ್ಲಿ ಇದ್ದದ್ದೂ ಕ್ರೂಡಪ್ ಹಾಡೇ. ಇಷ್ಟೆಲ್ಲ ಕೊಟ್ಟ ಮನುಷ್ಯ ತನ್ನ ಹಾಡುಗಳ ದುಡ್ಡಿಗಾಗಿ ಹೋರಾಡಿ ಹೋರಾಡಿ, ಅದು ಕೈಗೆ ಬರದೆಯೇ 1974ರಲ್ಲಿ ತೀರಿಕೊಂಡರು. ವರ್ಜೀನಿಯಾದಲ್ಲೇ. 'ವ್ಯಾಗನ್ ವೀಲ್' ಬರೆದವರ ಸಾಲಿನಲ್ಲಿ ಎರಡೇ ಹೆಸರುಗಳಿವೆ, ಅವರದು ಇಲ್ಲ. ಇದು ಅನ್ಯಾಯ. ಹಾಡು ಎಷ್ಟು ಖುಷಿ ಕೊಟ್ಟರೂ ಈ ಮಾತು ನನ್ನಿಂದ ಮರೆಯಲು ಆಗುವುದಿಲ್ಲ.

ಇವತ್ತು ನನ್ನ ಜೊತೆ ಕೆಲಸ ಮಾಡುವ ಗೆಳತಿಯೂ ಬಂದಿದ್ದಳು. ಅವಳು ಕಪ್ಪು ಜನಾಂಗದವಳು, ಸೌತ್ ಕ್ಯಾರೊಲಿನಾದವಳು. ಹಾಡಿಗೆ ಕಣ್ಣು ಮುಚ್ಚಿ ಕುಣಿಯುತ್ತಿದ್ದಳು. ಅಪ್ಪನ ಗಾಡಿಯಲ್ಲಿ ದಿನಾ ಕಂಟ್ರಿ ಅನ್ನುವ ಇಲ್ಲಿಯ ಹಳ್ಳಿ ಶೈಲಿಯ ಹಾಡು ಬರುತ್ತಿತ್ತು, ಆದರೆ ಅದು ನಮ್ಮದು ಅಂತ ಯಾರೂ ಹೇಳಲಿಲ್ಲ ಅಂದಳು. ಅವಳಿಗೆ ಈ ಹಾಡು ಅಂದರೆ ಡೇರಿಯಸ್ ರಕರ್ ಹಾಡಿದ್ದು. ರಕರ್ ಕೂಡ ಅವಳ ರಾಜ್ಯದವರೇ, ಚಾರ್ಲ್ಸ್‌ಟನ್‌ನವರು. ಮೊದಲು ಈ ಹಾಡು ಕೇಳಿದಾಗ ಅವರಿಗೆ ಹಿಡಿಸಿರಲಿಲ್ಲ. ಆಮೇಲೆ ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಮೇಷ್ಟ್ರುಗಳ ತಂಡ ಇದನ್ನು ಹಾಡಿತು. ಹಾಡಿನ ಮಧ್ಯದಲ್ಲೇ ಹೆಂಡತಿಯ ಕಡೆ ತಿರುಗಿ, ಇದನ್ನು ನಾನು ಹಾಡಲೇಬೇಕು ಅಂದರಂತೆ. 2013ರಲ್ಲಿ ಅವರ ಮುದ್ರಿಕೆ ಬಂತು. ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ, ಮುಂದಿನ ವರ್ಷ ಗ್ರ್ಯಾಮಿ ಪ್ರಶಸ್ತಿ, 2022ರಲ್ಲಿ ಒಂದು ಕೋಟಿ ಪ್ರತಿಗಳ ಲೆಕ್ಕಕ್ಕೆ ಕೊಡುವ ಡೈಮಂಡ್ ಮನ್ನಣೆ. ಅದೇ 2013ರಲ್ಲಿ ಯಾರೋ ಒಬ್ಬರು ಅವರಿಗೆ, ಕಂಟ್ರಿ ಸಂಗೀತ ಬಿಳಿಯರಿಗೆ ಬಿಡು ಅಂತ ಬರೆದರು. ಇದು 2013ನೋ 1913ನೋ ಅಂತ ರಕರ್ ತಿರುಗಿ ಕೇಳಿದರು.

ಗೆಳತಿ ಬ್ಯಾಂಜೋ ಕಡೆ ಬೆರಳು ತೋರಿಸಿ, ಅದೂ ನಮ್ಮವರು ತಂದದ್ದು ಗೊತ್ತಾ ಅಂದಳು. ಗೊತ್ತು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೈಯಲ್ಲೇ ಬ್ಯಾಂಜೋ ಹುಟ್ಟಿತು. ಆದರೂ ಅವಳ ಬಾಯಿಂದ ಕೇಳಿದಾಗ ಅದು ಬೇರೆಯೇ ಆಗಿತ್ತು.

ಫಿಡ್ಲ್ ಹುಡುಗನ ಮುಖದಲ್ಲಿ ಮಾತ್ರ ಸುಸ್ತು ಇತ್ತು. ಮುಗಿದ ಮೇಲೆ ಅವನಿಗೆ ಲಿಂಬೆ ಪಾನಕ ಕೊಡುತ್ತಾ ಕೇಳಿದೆ. ಹೋದಲ್ಲೆಲ್ಲ ಇದೇ ಹಾಡು ಕೇಳುತ್ತಾರಂತೆ. ಕೆಲವು ಕಡೆ ಇದನ್ನು ಹಾಡಬಾರದು ಅಂತ ಬೋರ್ಡೇ ಹಾಕಿದ್ದಾರಂತೆ. ಒಟ್ಟಿಗೆ ಮೀಟುವ ಸ್ವರಗುಂಪು, ಅಂದರೆ ಕಾರ್ಡ್, ಇರುವುದು ನಾಲ್ಕೇ; ನುಡಿಗೂ ಪಲ್ಲವಿಗೂ ಒಂದೇ ಸುತ್ತು. ಗಿಟಾರ್ ಕಲಿತು ತಿಂಗಳಾದವನೂ ಬಾರಿಸುತ್ತಾನೆ. ಅದಕ್ಕೇ ಸಂಗೀತಗಾರರಿಗೆ ಬೇಸರ. ಅವನ ಕಷ್ಟ ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಮಂಗಳಾರತಿಗೆ ದಿನಾ ಅದೇ ಹಾಡು ಹಾಡುತ್ತೇವೆ, ಹಳತಾಯಿತು ಅಂತ ಯಾರಾದರೂ ಬಿಡುತ್ತಾರಾ? ಎಲ್ಲರ ಬಾಯಿಗೂ ಬರುವ ಹಾಡು ಅಗ್ಗ ಅಲ್ಲ. ಅಷ್ಟು ಜನಕ್ಕೆ ಹಿಡಿಸುವ ಹಾಗೆ ನಾಲ್ಕು ಸಾಲು ಮಾಡುವುದು ಸುಲಭವೂ ಅಲ್ಲ. ಅವನಿಗೂ ಇದನ್ನೇ ಹೇಳಿದೆ. ನಕ್ಕು, "ಇವತ್ತು ಮಾತ್ರ ಬೇಸರ ಆಗಲಿಲ್ಲ" ಅಂದ.

ಯಾಕೆ ಅಂತ ನನಗೆ ಗೊತ್ತಿತ್ತು. ಅದು ಪಕ್ಕದ ಮನೆಯ ಅಜ್ಜನಿಂದ.

ಈ ಅಜ್ಜ ಹುಟ್ಟಿದ್ದು ಪಕ್ಕದ ಟೆನೆಸಿ ರಾಜ್ಯದ ಜಾನ್ಸನ್ ಸಿಟಿ ಹತ್ತಿರ. ಮೂವತ್ತು ವರ್ಷ ಲಾರಿ ಓಡಿಸಿದವರು. ಹಾಡಿನ ಕೊನೆಯ ನುಡಿಯಲ್ಲಿ ಒಬ್ಬ ಲಾರಿಯವನು ಬರುತ್ತಾನೆ. ಅವನು ಕಂಬರ್ಲೆಂಡ್ ಗ್ಯಾಪ್ ಅನ್ನುವ ಬೆಟ್ಟದ ಕಣಿವೆದಾರಿಯಿಂದ ಪಶ್ಚಿಮಕ್ಕೆ ಜಾನ್ಸನ್ ಸಿಟಿ ಕಡೆ ಹೊರಟಿದ್ದಾನೆ ಅಂತ ಇದೆ. ನಿಜಕ್ಕೂ ಜಾನ್ಸನ್ ಸಿಟಿ ಇರುವುದು ಅಲ್ಲಿಂದ ಪೂರ್ವಕ್ಕೆ. ಕೆಚ್ ಸೆಕೋರ್ ಆಮೇಲೆ ಈ ತಪ್ಪು ಒಪ್ಪಿಕೊಂಡಿದ್ದಾರೆ. ಪಶ್ಚಿಮ ಅನ್ನುವ ಮಾತಿಗೆ ಪೂರ್ವಕ್ಕಿಂತ ಜಾಸ್ತಿ ಶಕ್ತಿ ಇದೆ, ಅದಕ್ಕೇ ಹಾಗೇ ಹಾಡುತ್ತೇನೆ ಅಂದಿದ್ದಾರೆ. ನಮ್ಮ ಅಜ್ಜನಿಗೆ ಇದು ಒಪ್ಪಿಗೆ ಇಲ್ಲ. ಪ್ರತಿ ಜುಲೈ 4ರ ಸ್ವಾತಂತ್ರ್ಯ ದಿನದಂದು ಬೀದಿಯಲ್ಲಿ ಈ ಹಾಡು ಬಂದಾಗ, ಆ ಸಾಲಿಗೆ ಸರಿಯಾಗಿ "ಈಸ್ಟ್!", ಪೂರ್ವ, ಅಂತ ದೊಡ್ಡ ಗಂಟಲಲ್ಲಿ ಕೂಗುತ್ತಾರೆ. ಮಕ್ಕಳೆಲ್ಲ ಅದಕ್ಕೇ ಕಾಯುತ್ತಾರೆ.

ಅಜ್ಜನ ತಂಗಿಯ ಮನೆ ಅರ್ವಿನ್ ಹತ್ತಿರ ಇತ್ತು. ಜಾನ್ಸನ್ ಸಿಟಿಯಿಂದ ಸ್ವಲ್ಪ ದೂರ, ನೋಲಿಚಕಿ ನದಿಯ ದಡ. ಹೆಲೀನ್ ಬಂದಾಗ ಆ ನದಿ ಹೆದ್ದಾರಿ 26ರ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಯಿತು. ತಂಗಿ ಉಳಿದರು, ಮನೆ ಉಳಿಯಲಿಲ್ಲ. ಇಲ್ಲಿಂದ ಬೆಟ್ಟ ದಾಟಿ ಹೋಗುವ ಹೆದ್ದಾರಿ 40 ಕೂಡ ಪಿಜನ್ ನದಿಯ ಪಕ್ಕ ಕುಸಿದಿದೆ. ಈ ಮೂರು ವಾರ ಅಜ್ಜ ಮನೆಯಿಂದ ಹೊರಗೆ ಬಂದದ್ದೇ ಕಡಿಮೆ. ಇವತ್ತು ಬಂದರು. ಹತ್ತು ಕಂಬಳಿ ತಂದರು. ಹಿಂದಿನ ಸಾಲಿನಲ್ಲಿ ನಿಂತರು.

ಹಾಡು ಶುರುವಾದಾಗ ನಾನು ಅವರನ್ನೇ ನೋಡುತ್ತಿದ್ದೆ. ಪಲ್ಲವಿಯಲ್ಲಿ ಗಾಳಿ, ಮಳೆ ಅಂತ ಬರುತ್ತದೆ. ಎಷ್ಟು ಸಲ ಹಾಡಿದ್ದೇವೋ ಅದನ್ನು, ಯೋಚನೆಯೇ ಮಾಡದೆ. ಇವತ್ತು ಆ ಜಾಗದಲ್ಲಿ ಹಲವರ ದನಿ ಇಳಿಯಿತು. ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಕೊನೆಯ ನುಡಿ ಬಂತು. ಲಾರಿಯವನು ಬಂದ. ಮಕ್ಕಳೆಲ್ಲ ಹಿಂದೆ ತಿರುಗಿ ಅಜ್ಜನ ಕಡೆ ನೋಡಿದರು. ಅಜ್ಜನ ಬಾಯಿ ತೆರೆಯಲಿಲ್ಲ.

ಆಗ ಮಕ್ಕಳೇ ಕೂಗಿದರು. "ಈಸ್ಟ್!"

ಏಳೆಂಟು ಮಕ್ಕಳು, ಒಂದೇ ಉಸಿರಿಗೆ. ಯಾರೂ ಹೇಳಿಕೊಟ್ಟಿರಲಿಲ್ಲ. ಬ್ಯಾಂಜೋ ಹುಡುಗನ ಕೈ ಅರೆಕ್ಷಣ ತಪ್ಪಿ ಮತ್ತೆ ಸರಿಹೋಯಿತು. ಅಜ್ಜ ನಕ್ಕರು, ಟೋಪಿಯಲ್ಲೇ ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಹಾಡು ರಾಲಿಗೆ ಬಂದಿತ್ತು. ರಾಲಿ ಅಂದಾಗ ಇಲ್ಲಿ ಯಾವಾಗಲೂ ಎಲ್ಲರೂ ಕೂಗುತ್ತಾರೆ, ಊರಿನ ಹೆಸರು ಬಂತಲ್ಲ ಅಂತ. ಇವತ್ತಿನ ಕೂಗು ಹಾಗಿರಲಿಲ್ಲ. ಎದೆಯೊಳಗಿಂದ ಬಂತು. ನಾನೂ ಕೂಗಿದೆ. ಗಂಟಲು ಇನ್ನೂ ನೋಯುತ್ತಿದೆ.

"ಏನಂದ ಈಗ? ಯಾಕೆ ಎಲ್ಲ ಹೀಗೆ ಕೂಗಿದ್ರು?" ಅಮ್ಮ ನನ್ನ ಕೈ ಹಿಡಿದು ಕೇಳಿದಳು.

"ರಾಲಿಯಲ್ಲೇ ಸತ್ತರೂ ಪರವಾಗಿಲ್ಲ, ಸ್ವತಂತ್ರವಾಗಿ ಸಾಯ್ತೀನಿ ಅಂತ."

"ಥೂ, ಬಿಡ್ತು ಅನ್ನು!"

"ಹಾಡಮ್ಮ ಅದು."

"ಹಾಡಾದ್ರೇನು? ಬಿಡ್ತು ಅನ್ನು ಮೊದ್ಲು."

ಬಿಡ್ತು ಅಂದೆ. ಆದರೆ ಆ ಸಾಲು ಒಳಗೆ ಇಳಿದಾಗಿತ್ತು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ನಾನು ಸಾಯುವುದು ಎಲ್ಲಿ ಅಂತ ನಾನು ಯೋಚಿಸುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಅಪ್ಪ ಹೋದಾಗ ನಾನು ವಿಮಾನದಲ್ಲಿದ್ದೆ. ಅಮ್ಮನಿಗೂ ಅದೇ ನೆನಪಾಗಿರಬೇಕು. ಆಮೇಲೆ ಅವಳು ನನ್ನ ಕೈ ಬಿಡಲೇ ಇಲ್ಲ. ಹಾಗಾಗಿ ಕೊನೆಯ ಪಲ್ಲವಿಗೆ ಇಬ್ಬರಿಗೂ ಚಪ್ಪಾಳೆ ಹಾಕಲು ಆಗಲಿಲ್ಲ.

ಮುಗಿದ ಮೇಲೆ ಅಜ್ಜ ಬಂದು ಅಮ್ಮನ ಎದುರು ಬಗ್ಗಿ ನಮಸ್ಕಾರ ಮಾಡಿದರು. ನಾನು ಹೇಳಿಕೊಟ್ಟದ್ದು, ಮರೆತಿರಲಿಲ್ಲ. ಅಮ್ಮ ಅವರಿಗೆ ಕನ್ನಡದಲ್ಲೇ "ನಿಮ್ಮ ತಂಗಿ ಚೆನ್ನಾಗಿರ್ತಾರೆ, ಯೋಚ್ನೆ ಮಾಡ್ಬೇಡಿ" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಅವರು ತಲೆ ಆಡಿಸಿದರು. ಮನೆಗೆ ಬರುವಾಗ ಮರಗಳ ಹಿಂದಿನಿಂದ ಚಂದ್ರ ಏಳುತ್ತಿದ್ದ, ಹುಣ್ಣಿಮೆ ಕಳೆದು ಎರಡು ದಿನದ ಚಂದ್ರ. 46 ಕಂಬಳಿ ಸೇರಿವೆ. ನಾಳೆ ಬೆಳಿಗ್ಗೆ ಡಬ್ಬಗಳಿಗೆ ಹೆಸರು ಬರೆಯಬೇಕು.

ಅಮ್ಮ ಇನ್ನೂ ಅಡುಗೆಮನೆಯಲ್ಲಿದ್ದಾಳೆ. ನಾಳೆಯ ದೋಸೆಗೆ ಹಿಟ್ಟು ರುಬ್ಬಿ ಮುಗಿಸಿ ಮಿಕ್ಸಿ ಜಾರು ತೊಳೆಯುತ್ತಿದ್ದಾಳೆ. ಅದೇ ರಾಗ ಗುನುಗುತ್ತಿದ್ದಾಳೆ. ಮಾತು ಗೊತ್ತಿಲ್ಲ, ಬರೀ ರಾಗ. ಆಗಿನಿಂದ ಇಲ್ಲಿ ಕೂತು ಕೇಳುತ್ತಿದ್ದೇನೆ. ನುಡಿ ಪೂರ್ತಿ ಬರುತ್ತದೆ. ರಾಲಿ ಬರುವ ಜಾಗದಲ್ಲಿ ನಿಲ್ಲಿಸುತ್ತಾಳೆ. ನೀರಿನ ಸದ್ದು ಅಷ್ಟೇ ಕೇಳುತ್ತದೆ. ಆಮೇಲೆ ಪಲ್ಲವಿಯಿಂದ ಶುರು ಮಾಡುತ್ತಾಳೆ.