ಮೂವರು ಅಣ್ಣತಮ್ಮಂದಿರ ಕೋಟೆ

ಜರ್ಮನಿಯ ಕೋಬ್ಲೆಂಜ್‌ನಿಂದ ರೈಲು ಹತ್ತಿ, ಮೋಸೆಲ್ ನದಿ ದಡದ ಮೋಸೆಲ್‌ಕೆರ್ನ್ ಅನ್ನೋ ಸಣ್ಣ ಊರಲ್ಲಿ ಇಳಿದೆವು. ಎಲ್ಟ್ಸ್ ಕೋಟೆಗೆ ಅಲ್ಲಿಂದ ಕಾಡಿನ ಕಾಲುದಾರಿ. ಪಕ್ಕದಲ್ಲೇ ಎಲ್ಟ್ಸ್‌ಬಾಕ್ ಹೊಳೆ. ಎಷ್ಟು ನಡೆದರೂ ಕೋಟೆಯ ಸುಳಿವೇ ಇಲ್ಲ. ಕೊನೆಯ ಏರು ಹತ್ತಿ ತಿರುಗಿದರೆ ಎದುರಿಗೇ ನಿಂತಿತ್ತು! ಎತ್ತರದ ಬಂಡೆ, ಮೂರು ಕಡೆ ಬಳಸಿಕೊಂಡ ಹೊಳೆ, ಒಂದರ ಮೇಲೊಂದು ಏರಿದಂತೆ ಗೋಪುರಗಳು. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತೆವು.

ಕೋಟೆಯ ಒಡೆಯರಾದ ಎಲ್ಟ್ಸ್ ಮನೆತನದ ಹೆಸರು 1157ರ ಒಂದು ದಾನಪತ್ರದಲ್ಲೇ ಸಿಗುತ್ತದೆ. ಇವತ್ತಿಗೂ ಕೋಟೆ ಅದೇ ಮನೆತನದ್ದು, ಮೂವತ್ತಕ್ಕೂ ಹೆಚ್ಚು ತಲೆಮಾರು! 1268ರ ಹೊತ್ತಿಗೆ ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಮನೆಗಳು ಬೇರೆಬೇರೆ, ಅಂಗಳ ಮಾತ್ರ ಒಂದೇ. ಒಬ್ಬೊಬ್ಬರೂ ತಮ್ಮ ತಮ್ಮ ಪಾಲನ್ನು ಮೇಲಕ್ಕೆ ಕಟ್ಟುತ್ತಾ ಹೋದರು. ಜಾಗ ಕಮ್ಮಿ, ಎತ್ತರ ಜಾಸ್ತಿ ಆಗಿದ್ದು ಹಾಗೆ.

ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅದೇ ಒಳ್ಳೆಯದಾಯಿತು, ಕಣ್ಣಲ್ಲೇ ನೋಡಿದೆವು. ರ್‍ಯೂಬೆನಾಖ್ ಅನ್ನೋದು ಆ ಮೂರು ಪಾಲುಗಳಲ್ಲಿ ಒಂದು. ಅದರ ಮಲಗುವ ಕೋಣೆಯ ಗೋಡೆ ತುಂಬ ಬಳ್ಳಿ, ಹೂವಿನ ಚಿತ್ರ. ಮಂಚವನ್ನು ನೆಲದಿಂದ ಎತ್ತರಕ್ಕೆ ಏರಿಸಿ ಸುತ್ತ ಪರದೆ ಬಿಟ್ಟಿದ್ದಾರೆ. ಚಳಿಗೆ ಅದೇ ಗತಿ. ಕೋಟೆಯಲ್ಲಿ ಸುಮಾರು 20 ಪಾಯಖಾನೆಗಳಿವೆ, ಮಳೆನೀರಿನಿಂದ ತೊಳೆದುಹೋಗುವಂತೆ ಕಟ್ಟಿದವು. ಆ ಕಾಲಕ್ಕೆ ಇದೇನು ಕಡಿಮೆ ಸೌಕರ್ಯವೇ?

ನನ್ನ ಮನಸ್ಸಲ್ಲಿ ಉಳಿದದ್ದು ಮೂರೂ ಮನೆಯವರು ಸೇರುತ್ತಿದ್ದ ವೀರರ ಸಭಾಂಗಣ. ಗೋಡೆಯ ಮೇಲೆ ವಿದೂಷಕರ ಮುಖಗಳು. ಅಂದರೆ ಇಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದು. ಬಾಗಿಲ ಮೇಲೊಂದು ಗುಲಾಬಿ ಕೆತ್ತಿದ್ದಾರೆ. ಆಡಿದ ಮಾತು ಹೊಸಿಲು ದಾಟಬಾರದು ಅಂತ. ಒಂದೇ ಅಂಗಳದಲ್ಲಿ ಬಾಳಬೇಕಾದ ದಾಯಾದಿಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಕ್ಕಿಲ್ಲ.

1689ರ ಸುಮಾರಿಗೆ ಫ್ರೆಂಚ್ ಸೈನ್ಯ ಈ ಸೀಮೆಯ ಕೋಟೆಗಳನ್ನು ಒಂದೊಂದಾಗಿ ಕೆಡವುತ್ತಾ ಬಂತು. ಇದೇ ಮನೆತನದ ಹಾನ್ಸ್ ಆಂಟೋನ್ ಆ ಸೈನ್ಯದಲ್ಲೇ ಅಧಿಕಾರಿಯಾಗಿದ್ದ. ಕೆಡವಬೇಕಾದವುಗಳ ಪಟ್ಟಿಯಿಂದ ಎಲ್ಟ್ಸ್ ಹೆಸರು ಹೊಡೆಸಿಹಾಕಿದ.

ಹಿಂದಿರುಗುವ ಮೊದಲು ಎದುರಿನ ಗುಡ್ಡಕ್ಕೆ ಹೋದೆವು. ಟ್ರೀರ್‌ನ ಆರ್ಚ್‌ಬಿಷಪ್ (ಸೀಮೆಯನ್ನೂ ಆಳುತ್ತಿದ್ದ ಕ್ರೈಸ್ತ ಧರ್ಮಾಧಿಕಾರಿ) ಬಾಲ್ಡುಯಿನ್ 1331ರಲ್ಲಿ ಶುರುವಾದ ಜಗಳದಲ್ಲಿ ಇಲ್ಲೊಂದು ಕೋಟೆ ಕಟ್ಟಿಸಿ, ಎಲ್ಟ್ಸ್ ಮೇಲೆ ಕಲ್ಲುಗುಂಡು ಎಸೆಸಿದ್ದ. 1336ಕ್ಕೆ ಎಲ್ಟ್ಸ್‌ನವರು ಸೋತು ಅವನಿಗೆ ತಲೆಬಾಗಿದರು. ಗೆದ್ದವನ ಕೋಟೆಯಲ್ಲಿ ಈಗ ಉಳಿದಿರುವುದು ಮುರುಕು ಗೋಡೆ, ಅದರ ಸಂದಿಯಲ್ಲಿ ಹಸಿರು ಪಾಚಿ. ಅಲ್ಲೇ ಕೂತು ಬುತ್ತಿ ಬಿಚ್ಚಿದೆವು. ಕೆಳಗೆ ಸೋತವರ ಮನೆಯ ಕಿಟಕಿಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು.