ಈಜು ಬರುತ್ತಲ್ಲ, ಮತ್ತೆ ಇದೆಲ್ಲ ಯಾಕೆ?

ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿಯ ಮಾತು ಬಂದಾಗಲೆಲ್ಲ ಬೆಂಗಳೂರಿನ ಗೆಳೆಯರು ಕೇಳುವುದು ಇದನ್ನೇ: "ನಿಮಗೆ ಈಜು ಬರುತ್ತೆ, ಮೈಮೇಲೆ ಲೈಫ್ ಜಾಕೆಟ್ ಇರುತ್ತೆ. ಮಗುಚಿದ್ರೆ ಈಜ್ಕೊಂಡು ದಡ ಸೇರಿದ್ರಾಯ್ತು. ಬೇಕಂತಲೇ ಬಿದ್ದು ಮತ್ತೆ ಹತ್ತೋದನ್ನ ಇಷ್ಟೊಂದು ಅಭ್ಯಾಸ ಮಾಡೋದ್ಯಾಕೆ? ಅದೂ ಸಮುದ್ರವೇ ಇಲ್ಲದ ಊರಲ್ಲಿ!"

ಹಲಸೂರು ಕೆರೆಯ ಮಟ್ಟಿಗೆ ಅವರ ಮಾತು ಸರಿ. ಎತ್ತ ಈಜಿದರೂ ದಡವೇ. ಕಡಲಲ್ಲಿ ಲೆಕ್ಕ ಬೇರೆ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ನೀರು ಶಾಂತವಾಗಿದೆ ಎಂದು ನಾವು ಹೊರಡುವುದೂ ಆಗಲೇ. ಮಗುಚಿ ಕೈಬಿಟ್ಟರೆ ಖಾಲಿ ಕಯಾಕ್ ಆ ಗಾಳಿಗೆ ಪಶ್ಚಿಮಕ್ಕೆ ಜಾರುತ್ತಲೇ ಹೋಗುತ್ತದೆ. ಲೈಫ್ ಜಾಕೆಟ್ ತೊಟ್ಟು ಈಜಿ ಅದನ್ನು ಹಿಡಿಯುವುದು ಸುಲಭವಲ್ಲ. ಹುಡುಕಿಕೊಂಡು ಬರುವವರಿಗೂ ಐದು ಮೀಟರ್ ಉದ್ದದ ದೋಣಿ ಕಂಡೀತು, ಅಲೆಗಳ ನಡುವಿನ ಒಂದು ತಲೆ ಕಾಣುವುದಿಲ್ಲ. ಹಾಗಾಗಿ ಈಜಿನ ಪ್ರಶ್ನೆಯೇ ಅಲ್ಲ ಇದು. ದೋಣಿ ಬಿಡಬಾರದು, ಅದರೊಳಕ್ಕೇ ವಾಪಸ್ ಹೋಗಬೇಕು.

ಹೋಗುವುದು ಹೇಗೆ? ತಲೆಕೆಳಗಾದಾಗ, ಕೂರುವ ಗುಳಿಗೆ ನೀರು ನುಗ್ಗದಂತೆ ಸೊಂಟದ ಸುತ್ತ ಮುಚ್ಚುವ ಸ್ಪ್ರೇ ಸ್ಕರ್ಟಿನ ಮುಂದಿರುವ ಕುಣಿಕೆ ಎಳೆದು ಹೊರಬರುವುದು ಮೊದಲನೆಯದು. ಅದು ಬೇಗ ಕೈಗೆ ಹತ್ತುತ್ತದೆ. ಆಮೇಲಿನದೇ ಕಸರತ್ತು. ಒಂದು ಕೈ ಕಯಾಕಿನ ಮೇಲೇ ಇಟ್ಟುಕೊಂಡು, ಪ್ಯಾಡಲಿನ, ಅಂದರೆ ಹುಟ್ಟಿನ, ಒಂದು ತುದಿಗೆ ಚೀಲ ಸಿಕ್ಕಿಸಿ ಅದಕ್ಕೆ ಗಾಳಿ ಊದಬೇಕು. ಪ್ಯಾಡಲ್ ಫ್ಲೋಟ್ ಅಂದರೆ ಇದೇ. ದೋಣಿಯನ್ನು ನೆಟ್ಟಗೆ ಮಾಡಿ, ಸೀಟಿನ ಹಿಂದೆ ಪ್ಯಾಡಲನ್ನು ಅಡ್ಡಲಾಗಿ ಚಾಚಿ ಹಿಡಿದು, ಅದರ ಮೇಲೆ ಒಂದು ಕಾಲು ಹಾಕಿ, ಹಿಂಭಾಗದ ಡೆಕ್ಕಿನ, ಅಂದರೆ ದೋಣಿಯ ಮೇಲ್ಮೈಯ, ಮೇಲೆ ಬೋರಲು ಮಲಗಬೇಕು. ಕಾಲುಗಳನ್ನು ಒಂದೊಂದಾಗಿ ಒಳಗೆ ಬಿಟ್ಟು, ಭಾರವನ್ನು ಫ್ಲೋಟಿನ ಕಡೆಗೇ ಇಟ್ಟು, ಅತ್ತಲೇ ಹೊರಳಿ ಕೂರಬೇಕು.

ಹೊಸಬರು ಕೆಡುವುದು ತಲೆ ಎತ್ತುವಲ್ಲಿ. ಬಂದೆ ಎಂಬ ಖುಷಿಗೆ ಎದೆ ಮೇಲೇಳುತ್ತದೆ, ದೋಣಿ ಮತ್ತೆ ಬುಡಮೇಲು. ಗಲ್ಲ ಡೆಕ್ಕಿಗೆ ಅಂಟಿಕೊಂಡೇ ಇರಬೇಕು. ಕೂತ ಮೇಲೂ ಮುಗಿಯಲಿಲ್ಲ: ಕಾಕ್‌ಪಿಟ್, ಅಂದರೆ ಕೂರುವ ಗುಳಿ, ತುಂಬ ನೀರು, ಸ್ವಲ್ಪ ವಾಲಿದರೂ ಅದೆಲ್ಲ ಒಂದೇ ಕಡೆ ಹರಿದು ದೋಣಿಯನ್ನು ಕೆಡವಲು ನೋಡುತ್ತದೆ. ಪಂಪಿನಿಂದ ಎತ್ತಿ ಹಾಕುವಷ್ಟರಲ್ಲಿ ತೋಳು ಸೋತಿರುತ್ತದೆ. ಅಭ್ಯಾಸ ಮಾಡುವಾಗ ಈ ಪಂಪ್ ಹೊಡೆಯುವ ಕೆಲಸವನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ನನಗದು ಮೋಸ ಅನಿಸುತ್ತದೆ.

ಒಳಗಿದ್ದುಕೊಂಡೇ ಉರುಳಿ ಏಳುವ ರೋಲ್ ಕಲಿತರೆ ಇದೆಲ್ಲ ಬೇಡವಲ್ಲ ಅನ್ನುವವರೂ ಇದ್ದಾರೆ. ಕಲಿಯಿರಿ. ಆದರೆ ಸುಸ್ತಾದವನಿಗೆ ಮೊದಲು ಕೈಕೊಡುವುದು ರೋಲೇ.

ಇನ್ನು ಬೆಂಗಳೂರಿನ ಮಾತು. ಕ್ರಮ ಬಾಯಿಪಾಠವಾಗಲು ಈಜುಕೊಳದಷ್ಟು ಒಳ್ಳೆಯ ಜಾಗ ಇಲ್ಲ, ಕಯಾಕ್ ಒಳಗೆ ಬಿಡುವ ಪುಣ್ಯಾತ್ಮರು ಸಿಗಬೇಕು ಅಷ್ಟೇ. ಹತ್ತಿರ ಇದೆ ಎಂದು ಮಂಚನಬೆಲೆ ಜಲಾಶಯಕ್ಕೆ ನಿಮ್ಮಷ್ಟಕ್ಕೆ ಹೋಗಿ ಇಳಿಯಬೇಡಿ. ಅಲ್ಲಿ ಮುಳುಗಿ ಜೀವ ಬಿಟ್ಟವರು ಬಹಳ. ಆದರೆ ಕೊಳದಲ್ಲಿ ಗಾಳಿಯಿಲ್ಲ, ಅಲೆಯಿಲ್ಲ, ಫ್ಲೋಟಿಗೆ ಗಾಳಿ ಊದುವಾಗ ಮೂಗಿಗೆ ನೀರು ಬಡಿಯುವುದಿಲ್ಲ. ಅಲ್ಲಿ ಸಲೀಸಾಗಿ ಹತ್ತಿದವರನ್ನು ಶರಾವತಿ ಹಿನ್ನೀರಿಗೆ, ಮಧ್ಯಾಹ್ನದ ಗಾಳಿಗೆ ಕರೆದೊಯ್ದರೆ ಮೊದಲಿಗೆ ತಡಬಡಾಯಿಸುತ್ತಾರೆ. ಅದಾದ ಮೇಲೆ ಮುಲ್ಕಿ ಕಡೆಯ ಅಳಿವೆ, ಆಮೇಲೆ ಕಡಲು, ಅದೂ ಪಕ್ಕದಲ್ಲಿ ಇನ್ನೊಂದು ದೋಣಿ ಇಟ್ಟುಕೊಂಡು. ಜೂನ್, ಜುಲೈ ತಿಂಗಳಲ್ಲಿ ಯಂತ್ರದೋಣಿಯವರಿಗೇ ಮೀನುಗಾರಿಕೆ ನಿಷೇಧ ಇರುತ್ತದೆ. ಆ ಕಡಲು ನಮ್ಮಂಥವರಿಗಲ್ಲ. ಆಗ ಈಜುಕೊಳದವರನ್ನೇ ಮತ್ತೆ ಕಾಡಿಬೇಡುವುದು.